ವಾಯೆ ರೆಬೊಗೆ ಹೋಗುವವರಿಗೆ: ಫ್ಲೋರೆಸ್ ಬೆಟ್ಟದ ಮೇಲಿನ ಏಳು ಮನೆಗಳ ಊರು

ಇಂಡೋನೇಷ್ಯಾದ ಫ್ಲೋರೆಸ್ ದ್ವೀಪಕ್ಕೆ ನಿಮ್ಮ ಹತ್ತಿರ ಎರಡೇ ದಿನ ಇದ್ದರೆ ವಾಯೆ ರೆಬೊಗೆ ಹೋಗಬೇಡಿ. ದ್ವೀಪದ ಪಶ್ಚಿಮ ತುದಿಯ ಬಂದರು ಊರು ಲಾಬುವಾನ್ ಬಾಜೊದಲ್ಲಿ ದೋಣಿ ಹತ್ತಿ, ಕೊಮೊಡೊ ಡ್ರ್ಯಾಗನ್ ಅನ್ನುವ ದೈತ್ಯ ಉಡ ನೋಡಿಕೊಂಡು ಬಾಲಿಗೆ ವಾಪಸ್ ಬನ್ನಿ. ಈ ಊರಿಗೆ ಕನಿಷ್ಠ ಮೂರು ದಿನ ಬೇಕು. ಬುಡದ ಊರು ತಲುಪಲು ಒಂದು, ಬೆಟ್ಟ ಹತ್ತಿ ಅಲ್ಲೇ ಉಳಿಯಲು ಒಂದು, ಇಳಿದು ಬರಲು ಒಂದು. ಬೆಳಿಗ್ಗೆ ಹತ್ತಿ, ಫೋಟೊ ತೆಗೆದು, ಮಧ್ಯಾಹ್ನವೇ ಇಳಿಯುವವರೂ ಇದ್ದಾರೆ. ಅಷ್ಟು ದೂರ ಹೋಗಿ, ತೋಟಕ್ಕೆ ಹೋದವರು ಇನ್ನೂ ಮನೆಗೆ ಬರುವ ಮೊದಲೇ ಹೊರಟುಬಿಟ್ಟರೆ ನೋಡಿದ್ದು ಬರೀ ಚಾವಣಿ ಅಷ್ಟೆ.

ವಾಯೆ ರೆಬೊ ಇರುವುದು ಪಶ್ಚಿಮ ಫ್ಲೋರೆಸ್‌ನ ಮಂಗರಾಯ್ ಜಿಲ್ಲೆಯಲ್ಲಿ, 1,100 ಮೀಟರಿಗೂ ಎತ್ತರದಲ್ಲಿ, ಬೆಟ್ಟಗಳ ನಡುವಿನ ಒಂದು ಬಟ್ಟಲಿನಂಥ ಜಾಗದಲ್ಲಿ. ಸುತ್ತ ದಟ್ಟ ಕಾಡು. ರಸ್ತೆ ಇಲ್ಲ. ನಡುವೆ ಹುಲ್ಲಿನ ಅಂಗಳ, ಅದನ್ನು ಸುತ್ತುವರಿದು ನೆಲದವರೆಗೂ ಹುಲ್ಲು ಹೊದಿಸಿದ ಏಳು ಗುಂಡನೆಯ ಮನೆಗಳು. ಈ ಮನೆಗೆ ಅವರ ಭಾಷೆಯಲ್ಲಿ ಮ್ಬಾರು ನಿಯಾಂಗ್ ಅನ್ನುತ್ತಾರೆ.

ಬೆಂಗಳೂರಿನವರಿಗೆ ಈಗ ದಾರಿ ಸುಲಭವಾಗಿದೆ. 2024ರ ಮಾರ್ಚ್‌ನಿಂದ ಬೆಂಗಳೂರು–ಬಾಲಿ ನಡುವೆ ಇಂಡಿಗೊ ನೇರ ವಿಮಾನ ಶುರುವಾಯಿತು. ಭಾರತೀಯರಿಗೆ 30 ದಿನಗಳ ವೀಸಾ ಅಲ್ಲೇ ಇಳಿದ ಮೇಲೆ ಸಿಗುತ್ತದೆ, ಶುಲ್ಕ 5 ಲಕ್ಷ ರುಪಿಯಾ. ಗಾಬರಿಯಾಗಬೇಡಿ, ನಮ್ಮ ಒಂದು ರೂಪಾಯಿಗೆ ಹತ್ತಿರಹತ್ತಿರ 190 ರುಪಿಯಾ ಬರುತ್ತದೆ. ಮನೆಯಲ್ಲೇ ಕೂತು ಸರ್ಕಾರಿ ವೆಬ್‌ಸೈಟಿನಲ್ಲಿ ಇ-ವೀಸಾ ಮಾಡಿಸಿಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಬಾಲಿಗೆ ಕಾಲಿಡುವ ವಿದೇಶಿಯರು ಕೊಡಬೇಕಾದ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ಶುಲ್ಕ ಬೇರೆ. ಬಾಲಿಯಿಂದ ಲಾಬುವಾನ್ ಬಾಜೊಗೆ ವಿಮಾನದಲ್ಲಿ ಒಂದು ಗಂಟೆಗೆ ಸ್ವಲ್ಪ ಜಾಸ್ತಿ.

ಈ ಎರಡನೇ ವಿಮಾನದ ವಿಷಯದಲ್ಲಿ ಒಂದು ಮಾತು. ಫ್ಲೋರೆಸ್‌ನ ಪೂರ್ವ ಭಾಗದಲ್ಲಿ ಲೆವೊಟೊಬಿ ಅನ್ನುವ ಜ್ವಾಲಾಮುಖಿ ಇದೆ. 2024ರ ನವೆಂಬರ್‌ನಲ್ಲಿ ಅದು ಉಗುಳಿದ ಬೂದಿಯಿಂದ ಲಾಬುವಾನ್ ಬಾಜೊ ಮಾತ್ರವಲ್ಲ, ಬಾಲಿಯ ವಿಮಾನಗಳೂ ನಿಂತುಹೋದವು. 2025ರಲ್ಲೂ ಮತ್ತೆ ಹಾಗೇ ಆಯಿತು. ಆದ್ದರಿಂದ ಬೆಂಗಳೂರಿನ ವಿಮಾನಕ್ಕೂ ಫ್ಲೋರೆಸ್‌ನಿಂದ ಹೊರಡುವುದಕ್ಕೂ ನಡುವೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಏನೂ ಆಗದಿದ್ದರೆ ಬಾಲಿಯಲ್ಲಿ ಸುಮ್ನೆ ಒಂದು ದಿನ ಸಮುದ್ರ ನೋಡಿದರಾಯಿತು.

ಲಾಬುವಾನ್ ಬಾಜೊದಿಂದ ಡೆಂಗೆ ಅನ್ನುವ ಹಳ್ಳಿಯವರೆಗೆ ರಸ್ತೆ. ಕಾರಿನಲ್ಲಿ ನಾಲ್ಕೈದು ಗಂಟೆ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ನಂಬಬೇಡಿ. ಇಡೀ ದ್ವೀಪವೇ ಬೆಟ್ಟ, ನೇರ ರಸ್ತೆ ಅನ್ನುವುದು ಅಪರೂಪ. ಬಸ್ಸಿನಲ್ಲಿ ವಾಂತಿ ಬರುವವರು ಮಾತ್ರೆ ನುಂಗಿಯೇ ಕೂರಬೇಕು. ಲೆಂಬೋರ್ ಬಯಲಿನ ಗದ್ದೆಗಳನ್ನು ದಾಟಿ ದಕ್ಷಿಣಕ್ಕೆ ತಿರುಗಿದರೆ ಕೊನೆಗೆ ಡಿಂಟೋರ್ ಹತ್ತಿರ ಸಮುದ್ರ, ಎದುರಿಗೆ ಮುಲೆಸ್ ದ್ವೀಪ. ಅಲ್ಲಿಂದ ಮೇಲಕ್ಕೆ ಹತ್ತಿದರೆ ಡೆಂಗೆ. ಕಾರು ಮಾತಾಡುವಾಗ ಪೆಟ್ರೋಲು, ಚಾಲಕನ ಊಟ, ರಾತ್ರಿ ಉಳಿಯುವ ಖರ್ಚು ಎಲ್ಲ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನನಗೆ ಒಬ್ಬರು ಹೇಳಿದ ದರ ಒಂದು, ಹೊರಡುವ ಬೆಳಿಗ್ಗೆ ಕೇಳಿದ್ದು ಇನ್ನೊಂದು. ಫೋನಿನಲ್ಲಿ ಬರಹದಲ್ಲಿ ಇದ್ದದ್ದರಿಂದ ಮಾತು ಬೆಳೆಯಲಿಲ್ಲ.

ಕಡಿಮೆ ಖರ್ಚಿನಲ್ಲಿ ಹೋಗಬೇಕು ಅನ್ನುವವರು ರುಟೆಂಗ್ ಪಟ್ಟಣಕ್ಕೆ ಹಂಚಿಕೆಯ ಕಾರಿನಲ್ಲಿ ಹೋಗಿ, ಅಲ್ಲಿಂದ ಓಟೊ ಕೋಲ್ ಹಿಡಿಯಬಹುದು. ಲಾರಿಯ ಹಿಂಭಾಗಕ್ಕೆ ಮರದ ಬೆಂಚು ಹಾಕಿ ಮೇಲೆ ಚಾವಣಿ ಕಟ್ಟಿದ ಗಾಡಿ ಅದು. ಜನ, ಅಕ್ಕಿಮೂಟೆ, ಕೋಳಿ, ಸಿಮೆಂಟು ಎಲ್ಲ ಒಟ್ಟಿಗೆ. ಹಳ್ಳಿಯಿಂದ ನಸುಕಿನಲ್ಲೇ ಹೊರಟು ಪೇಟೆಗೆ ಬಂದು, ಪೇಟೆ ಕೆಲಸ ಮುಗಿದ ಮೇಲೆ ವಾಪಸ್ ಹೋಗುವುದು ಅದರ ಕ್ರಮ. ಹಾಗಾಗಿ ರುಟೆಂಗ್‌ಗೆ ಸಂಜೆ ತಲುಪಿದರೆ ಅವತ್ತು ಸಿಗುವುದಿಲ್ಲ. ಬೆನ್ನು ಗಟ್ಟಿ ಇರುವ ಹುಡುಗರಿಗೆ ಸರಿ. ಅಪ್ಪ ಅಮ್ಮನ ಜೊತೆ ಹೋಗುವವರು ಕಾರೇ ಮಾಡಿ.

ನಗದು ಲಾಬುವಾನ್ ಬಾಜೊದಲ್ಲೇ ತೆಗೆದಿಟ್ಟುಕೊಳ್ಳಿ. ಅಲ್ಲಿ ಬಿಟ್ಟರೆ ಎಟಿಎಂ ನೆಚ್ಚಿಕೊಳ್ಳಬಹುದಾದ ಊರು ರುಟೆಂಗ್ ಮಾತ್ರ. ವಾಯೆ ರೆಬೊದಲ್ಲಿ ರಾತ್ರಿ ಉಳಿಯಲು, ಊಟವೂ ಸೇರಿ, ತಲೆಗೆ 3,25,000 ರುಪಿಯಾ ಬಹಳ ವರ್ಷ ನಡೆದ ದರ. ಬಂದುಹೋಗುವವರಿಗೆ 2,00,000. ಇದಕ್ಕಿಂತ ಸ್ವಲ್ಪ ಹೆಚ್ಚೇ ಲೆಕ್ಕ ಹಾಕಿಕೊಂಡು ಹೋಗಿ. ಗೈಡ್‌ ಖರ್ಚು ಬೇರೆ. ಈ ದುಡ್ಡು ಊರಿನ ಒಟ್ಟು ಲೆಕ್ಕಕ್ಕೆ ಹೋಗುತ್ತದೆ, ಅತಿಥಿಗಳಿಗೆ ಅಡುಗೆ ಮಾಡುವ ಪಾಳಿಯೂ ಊರಿನ ಹೆಂಗಸರದ್ದೇ. ಚೌಕಾಶಿಗೆ ಇಳಿಯಬೇಡಿ.

ಡೆಂಗೆಯ ಹೋಂಸ್ಟೇಯಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಬೇಗ ಹತ್ತುವುದು ನನ್ನ ಸಲಹೆ. ಹೋಂಸ್ಟೇಯವರೇ ಊರಿನ ಗೈಡ್‌ನನ್ನು ಗೊತ್ತುಮಾಡಿಕೊಡುತ್ತಾರೆ. ಡಾಂಬರು ಮುಗಿಯುವವರೆಗೆ ಓಜೆಕ್, ಅಂದರೆ ಬಾಡಿಗೆ ಬೈಕು. ಅದರಲ್ಲಿ ಹೋದರೆ ಬಿಸಿಲಲ್ಲಿ ನಡೆಯುವ ಬೇಸರದ ಭಾಗ ತಪ್ಪುತ್ತದೆ. ಅಲ್ಲಿಂದ ಕಾಡುದಾರಿ ಎರಡರಿಂದ ಮೂರು ಗಂಟೆ. ವಾಯೆ ಲೊಂಬಾ ಹೊಳೆಯವರೆಗೆ ಸಲೀಸು. ಆಮೇಲೆ ಪೊಚೊರೊಕೊ ಅನ್ನುವ ಜಾಗದವರೆಗೆ ಏರೇ ಏರು. ಮನೆಗೆ ಫೋನ್ ಮಾಡುವುದಿದ್ದರೆ ಪೊಚೊರೊಕೊದಲ್ಲೇ ಮಾಡಿ, ಆಮೇಲೆ ಸಿಗ್ನಲ್ ಇಲ್ಲ. ಅಲ್ಲಿಂದ ಮುಂದೆ ಕಾಫಿ ಗಿಡಗಳ ನಡುವೆ ಇಳಿಜಾರು.

ಕುಮಾರಪರ್ವತ ಹತ್ತಿದವರಿಗೆ ಇದು ದೊಡ್ಡ ವಿಷಯವೇ ಅಲ್ಲ. ದಿನಾ ಅರ್ಧ ಗಂಟೆ ನಡೆದು ಅಭ್ಯಾಸ ಇರುವವರೂ ನಿಧಾನವಾಗಿ ಹತ್ತಬಹುದು. ಮಂಡಿನೋವು ಇರುವವರಿಗೆ ಕಷ್ಟ ಇಳಿಯುವಾಗ, ಒಂದು ಕೋಲು ಇರಲಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ದಾರಿ ಜಾರುತ್ತದೆ, ಇಂಬಳದ ಕಾಟವೂ ಇದೆ. ಮಲೆನಾಡಿನವರಿಗೆ ಏನು ಮಾಡಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಉಳಿದವರು ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಂಡು, ಉಪ್ಪು ಇಟ್ಟುಕೊಳ್ಳಿ. ಮಳೆಗಾಲದಲ್ಲೇ ಹೋಗಲು ಒಂದು ಒಳ್ಳೆಯ ಕಾರಣವೂ ಇದೆ: ನವೆಂಬರ್ ನಡುವಿನಲ್ಲಿ ಬರುವ ಪೆಂಟಿ ಹಬ್ಬ. ಅದು ಅವರ ಹೊಸ ವರ್ಷ. ಚಾವಟಿ ಹಿಡಿದು ಇಬ್ಬರು ಗಂಡಸರು ಎದುರುಬದುರಾಗಿ ಆಡುವ ಚಾಚಿ ಆಟವೂ ಆಗ ಇರುತ್ತದೆ. ಆದರೆ ಹೊರಗಿದ್ದ ಊರಿನವರೆಲ್ಲ ಹಬ್ಬಕ್ಕೆ ಬಂದಿರುವುದರಿಂದ ಮಲಗಲು ಜಾಗಕ್ಕೆ ಮೊದಲೇ ಹೇಳಿರಬೇಕು.

ಊರು ಕಣ್ಣಿಗೆ ಬೀಳುವ ತಿರುವಿನಲ್ಲಿ ಒಂದು ಪುಟ್ಟ ತಂಗುದಾಣ ಇದೆ. ಗೈಡ್ ಅಲ್ಲಿ ತೂಗುಹಾಕಿರುವ ಬಿದಿರನ್ನು ಬಡಿಯುತ್ತಾನೆ. ನೆಂಟರು ಬಂದರು ಅಂತ ಕೆಳಗಿನವರಿಗೆ ತಿಳಿಯುವುದು ಹೀಗೆ. ಕ್ಯಾಮೆರಾ ಒಳಗಿಡಿ. ಮೊದಲು ಎಲ್ಲಕ್ಕಿಂತ ದೊಡ್ಡ ಮನೆಗೆ, ಗೆಂಡಾಂಗ್ ಮನೆಗೆ ಹೋಗಬೇಕು. ಹಿರಿಯರೊಬ್ಬರು ನೆಲದ ಮೇಲೆ ಕೂತು ಮಂಗರಾಯ್ ಭಾಷೆಯಲ್ಲಿ ಪೂರ್ವಜರಿಗೆ ನಮ್ಮ ವಿಷಯ ಹೇಳುತ್ತಾರೆ: ಇವರು ದೂರದಿಂದ ಬಂದಿದ್ದಾರೆ, ಕಾಪಾಡಿ, ಕ್ಷೇಮವಾಗಿ ಮನೆ ಸೇರಿಸಿ. ಇದಕ್ಕೆ ವಾಯೆಲುಉ ಅಂತ ಹೆಸರು. ಅವರ ಕೈಗೆ ಸಣ್ಣ ಕಾಣಿಕೆ ಕೊಡುವುದು ಪದ್ಧತಿ, ಎಷ್ಟು ಅಂತ ಗೈಡ್ ಹೇಳುತ್ತಾನೆ. ಇದು ಆಗುವ ಮೊದಲು ಒಂದು ಫೋಟೊ ಕೂಡ ತೆಗೆಯುವಂತಿಲ್ಲ. ಇವರೆಲ್ಲ ಕ್ಯಾಥೊಲಿಕರು, ಭಾನುವಾರ ಪ್ರಾರ್ಥನೆ ಮಾಡುವವರು. ಹಿರಿಯರ ಪೂಜೆಯೂ ಬಿಟ್ಟಿಲ್ಲ. ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ, ಅಲ್ವಾ?

ಅಂಗಳದ ನಡುವೆ ಕಲ್ಲು ಪೇರಿಸಿದ ಗುಂಡು ಕಟ್ಟೆ ಕಾಣುತ್ತದೆ. ಅದು ಚೊಂಪಾಂಗ್, ಬಲಿ ಮತ್ತು ಪೂಜೆ ನಡೆಯುವ ಜಾಗ. ಅರಳಿಕಟ್ಟೆ ಅಂದುಕೊಂಡು ಹತ್ತಿ ಕೂರಬೇಡಿ.

ಮನೆ ಒಳಗಿನಿಂದ ನೋಡಲೇಬೇಕು. ಸುಮಾರು 15 ಮೀಟರ್ ಎತ್ತರ, ಐದು ಅಂತಸ್ತು, ಎಲ್ಲೂ ಮೊಳೆ ಇಲ್ಲ. ಮರ, ಬಿದಿರು, ಬಿಗಿಯಲು ಬೆತ್ತ. ಮೇಲೆ ಹುಲ್ಲು ಮತ್ತು ತಾಳೆ ಜಾತಿಯ ಮರದ ಕಪ್ಪು ನಾರು. ಕೆಳಗಿನ ಅಂತಸ್ತಿನಲ್ಲಿ ಜನ. ಅದರ ಮೇಲಿನದ್ದರಲ್ಲಿ ದಿನಬಳಕೆಯ ದವಸ ಮತ್ತು ಸಾಮಾನು. ಮೂರನೆಯದರಲ್ಲಿ ಮುಂದಿನ ಬಿತ್ತನೆಗೆ ಬೀಜ. ನಾಲ್ಕನೆಯದು ಬರಗಾಲಕ್ಕೆ ಅಂತ ಎತ್ತಿಟ್ಟ ದಾಸ್ತಾನು. ತುದಿಯ ಪುಟ್ಟ ಅಂತಸ್ತು ಪೂರ್ವಜರ ಎಡೆಗೆ. ಗೆಂಡಾಂಗ್ ಮನೆಯಲ್ಲಿ ಎಂಟು ಕುಟುಂಬ, ಉಳಿದವುಗಳಲ್ಲಿ ಆರಾರು ಕುಟುಂಬ ಇರುವುದು ವಾಡಿಕೆ. ನಡುವೆ ಒಲೆ. ಆ ಹೊಗೆ ಮೇಲೇರಿ ಬಿದಿರು, ಹುಲ್ಲು, ಕಾಳು ಎಲ್ಲಕ್ಕೂ ಹುಳ ಹಿಡಿಯದಂತೆ ಕಾಯುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿದರೆ ಬೈದುಕೊಳ್ಳಬೇಡಿ.

2008ರಲ್ಲಿ ಜಕಾರ್ತಾದ ವಾಸ್ತುಶಿಲ್ಪಿ ಯೋರಿ ಅಂಟಾರ್ ಇಲ್ಲಿಗೆ ಬಂದಾಗ ಏಳರಲ್ಲಿ ನಾಲ್ಕೇ ಮನೆ ನಿಂತಿದ್ದವು. ಹಳೆಯದೊಂದನ್ನು ಬಿಚ್ಚಿ, ಹೇಗೆ ಕಟ್ಟಿದ್ದರು ಅಂತ ನೋಡಿ ಕಲಿತು, ಊರಿನವರೇ ಮತ್ತೆ ಕಟ್ಟಿದರು. ದುಡ್ಡು ಹೊರಗಿನ ದಾನಿಗಳಿಂದ ಬಂತು. ಕೆಲವೇ ವರ್ಷಗಳಲ್ಲಿ ಏಳೂ ಮನೆ ಎದ್ದವು. 2012ರಲ್ಲಿ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪರಂಪರೆ ಪ್ರಶಸ್ತಿಗಳಲ್ಲಿ ಅತ್ಯುನ್ನತ ಪ್ರಶಸ್ತಿ ಬಂತು, 2013ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಂತಿಮ ಪಟ್ಟಿಗೂ ಸೇರಿತು. ಪ್ರವಾಸಿಗರು ಹೆಚ್ಚಾಗಿ ಬರಲು ಶುರುವಾದದ್ದು ಆಮೇಲೆ. ಪ್ರವಾಸಿಗರಿಂದ ಹಳ್ಳಿ ಕೆಟ್ಟಿತು ಅನ್ನುವ ಮಾತು ನಾವು ಎಲ್ಲೆಲ್ಲೂ ಕೇಳುತ್ತೇವೆ. ಇಲ್ಲಿ ನನಗೆ ಹಾಗೆ ಅನ್ನಿಸಲಿಲ್ಲ. ಕಟ್ಟುವ ವಿದ್ಯೆ ಹುಡುಗರ ಕೈಗೆ ಬಂದಿದೆ, ಚಾವಣಿ ಬದಲಿಸಲು ದುಡ್ಡೂ ಇದೆ. ಮಕ್ಕಳು ಮಾತ್ರ ಶಾಲೆಗಾಗಿ ಕೆಳಗೆ ಕೊಂಬೊ ಅನ್ನುವ ಊರಿನಲ್ಲಿ ಇರಬೇಕು. ಅದಕ್ಕೇ ಶಾಲೆಯ ದಿನಗಳಲ್ಲಿ ಮೇಲೆ ಕಾಣುವವರು ಹೆಚ್ಚಾಗಿ ದೊಡ್ಡವರು ಮತ್ತು ತೀರಾ ಚಿಕ್ಕವರು.

ಊರಿನ ಮೂಲಪುರುಷ ಎಂಪೊ ಮಾರೊ ಸುಮಾತ್ರಾದ ಮಿನಾಂಗ್‌ಕಬೌ ನಾಡಿನಿಂದ ಬಂದವರು ಅನ್ನುತ್ತಾರೆ. ಪುನುಗು ಬೆಕ್ಕು ತಮ್ಮ ಹಿರಿಯರನ್ನು ಆಪತ್ತಿನಿಂದ ಪಾರುಮಾಡಿತು ಅನ್ನುವ ನಂಬಿಕೆಯಿಂದ ಅದರ ಮಾಂಸ ಇಲ್ಲಿ ನಿಷಿದ್ಧ. ಬಾಲಿಯಲ್ಲಿ ಅದೇ ಪ್ರಾಣಿಯನ್ನು ಗೂಡಿನಲ್ಲಿಟ್ಟು ಅದರ ಹಿಕ್ಕೆಯ ಕಾಫಿ ಮಾರುವುದನ್ನು ನೋಡಿ ಬಂದವರಿಗೆ ಇದನ್ನು ಕೇಳಿದರೆ ಸ್ವಲ್ಪ ಸಮಾಧಾನವಾಗುತ್ತದೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಅನ್ನ, ಸೊಪ್ಪು, ಸೀಮೆಬದನೆಕಾಯಿ ಪಲ್ಯ, ಮೊಟ್ಟೆ, ಸಂಬಲ್ ಅನ್ನುವ ಖಾರದ ಚಟ್ನಿ. ಕೆಲವೊಮ್ಮೆ ಕೋಳಿ. 'ಸಾಯಾ ತಿಡಾಕ್ ಮಾಕಾನ್ ಡಾಗಿಂಗ್, ಅಯಾಮ್, ಇಕಾನ್' ಅಂದರೆ ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ ಅಂತ ಅರ್ಥ. ಮೊಟ್ಟೆಯೂ ಬೇಡವಾದರೆ ತೆಲೂರ್ ಅನ್ನುವುದನ್ನೂ ಸೇರಿಸಿ. ಇದನ್ನು ಬೆಟ್ಟದ ಮೇಲೆ ಹೇಳಿದರೆ ತಡವಾಯಿತು, ಡೆಂಗೆಯಲ್ಲೇ ಗೈಡ್‌ಗೆ ಹೇಳಿ. ಸಂಬಲ್‌ಗೆ ತೆರಾಸಿ, ಅಂದರೆ ಸಿಗಡಿಯ ಮುದ್ದೆ, ಹಾಕಿದ್ದಾರಾ ಅಂತ ಕೇಳಿ. ಒಂದು ಚಟ್ನಿಪುಡಿ ಡಬ್ಬಿ ಇದ್ದರೆ ಯಾರನ್ನೂ ಏನೂ ಕೇಳಬೇಕಿಲ್ಲ. ಮಾತಾಡಿಸುವಾಗ ಗಂಡಸರಿಗೆ ಬಾಪಾಕ್, ಅಡುಗೆ ಮಾಡುವ ಅಮ್ಮಂದಿರಿಗೆ ಮಾಮಾ ಅನ್ನಿ.

ನಾವು ಬಂದ ಕೂಡಲೇ ಕಾಫಿ ಬರುತ್ತದೆ, ಕೇಳಿದಷ್ಟು ಸಲ ಬರುತ್ತದೆ. ಸಕ್ಕರೆ ಬೆರೆಸಿಯೇ ಇರುತ್ತದೆ. ಬೇಡ ಅಂದರೆ 'ತಾನ್ಪಾ ಗುಲಾ' ಅನ್ನಿ. ಹಾಲು ಮರೆತುಬಿಡಿ. ಜೂನ್–ಜುಲೈ ಹೊತ್ತಿಗೆ ಹೋದರೆ ಅಂಗಳದ ತುಂಬ ಕಾಫಿ ಒಣಗುತ್ತಿರುತ್ತದೆ, ಹೆಂಗಸರು ಒರಳಲ್ಲಿ ಕುಟ್ಟಿ ಸಿಪ್ಪೆ ತೆಗೆಯುತ್ತಿರುತ್ತಾರೆ. ಇಂಡೋನೇಷ್ಯಾಕ್ಕೆ ಕಾಫಿ ಬಂದದ್ದು ನಮ್ಮ ಪಕ್ಕದ ಮಲಬಾರಿನಿಂದ. 1690ರ ದಶಕದಲ್ಲಿ ಡಚ್ಚರು ಅಲ್ಲಿಂದ ಜಾವಾಕ್ಕೆ ಸಸಿ ಒಯ್ದಿದ್ದರು. ಚಿಕ್ಕಮಗಳೂರಿನಿಂದ ಬಂದಿದ್ದ ಜೊತೆಗಾರರೊಬ್ಬರು ಕಾಫಿಗಿಂತ ಗಿಡಗಳನ್ನೇ ಹೆಚ್ಚು ಹೊತ್ತು ನೋಡಿದರು, ನೆರಳು ಸಾಲದು ಅಂತ ತೀರ್ಪನ್ನೂ ಕೊಟ್ಟರು.

ಅತಿಥಿಗಳೆಲ್ಲ ಒಂದೇ ಮನೆಯಲ್ಲಿ, ಗೋಡೆಗೆ ತಲೆಯಿಟ್ಟು ಸುತ್ತಲೂ ಮಲಗಬೇಕು. ಗಂಡಸರು ಹೆಂಗಸರು ಅಂತ ಬೇರೆ ಕೋಣೆ ಇಲ್ಲ. ಚಾಪೆ, ದಿಂಬು, ಕಂಬಳಿ ಅವರೇ ಕೊಡುತ್ತಾರೆ. ಗೊರಕೆಗೆ ಕಿವಿಗೆ ಹತ್ತಿ ನಿಮ್ಮದು. ಶೌಚಾಲಯ ಹೊರಗೆ, ನೀರು ಕೊರೆಯುವಷ್ಟು ತಣ್ಣಗೆ, ದೀಪ ಸಂಜೆ ಕೆಲವು ಗಂಟೆ ಮಾತ್ರ. ಟಾರ್ಚು, ಸ್ವೆಟರ್, ಪವರ್ ಬ್ಯಾಂಕ್ ಬೇಕೇ ಬೇಕು. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಹಾಕಿ. ಗಂಡಹೆಂಡಿರು ಕೂಡ ಅಂಗಳದಲ್ಲಿ ಕೈ ಹಿಡಿದು ಫೋಟೊಗೆ ನಿಲ್ಲುವುದು ಬೇಡ. ಮಕ್ಕಳಿಗೆ ಚಾಕೊಲೇಟು ಹಂಚಬೇಡಿ, ಏನಾದರೂ ಕೊಡಬೇಕು ಅನ್ನಿಸಿದರೆ ಪುಸ್ತಕ, ಪೆನ್ಸಿಲನ್ನು ದೊಡ್ಡವರ ಕೈಗೆ ಕೊಡಿ. ಬೆಳಿಗ್ಗೆ ಆರರೊಳಗೆ ಎದ್ದು ಪಕ್ಕದ ದಿಬ್ಬಕ್ಕೆ ಹೋಗಿ. ಮಂಜು ಹತ್ತು ನಿಮಿಷ ಸರಿಯುತ್ತದೆ, ಮತ್ತೆ ಮುಚ್ಚುತ್ತದೆ.

ಕೊಂಡುಕೊಳ್ಳುವುದಿದ್ದರೆ ಕಾಫಿಪುಡಿ, ಇಲ್ಲವೇ ಹೆಂಗಸರು ನೇಯುವ ಸೊಂಗ್ಕೆ ಬಟ್ಟೆ. ಬಟ್ಟೆ ದುಬಾರಿ, ತಿಂಗಳುಗಟ್ಟಲೆ ಕೂತು ನೇಯುವುದು. ಕಾಫಿ ಹುರಿದು ಪುಡಿ ಮಾಡಿದ್ದನ್ನೇ ತೆಗೆದುಕೊಳ್ಳಿ, ಹಸಿ ಬೀಜ ವಿಮಾನ ನಿಲ್ದಾಣದಲ್ಲಿ ತಕರಾರಿಗೆ ದಾರಿ. ನಿಮ್ಮ ಪ್ಲಾಸ್ಟಿಕ್ ಕಸ ನಿಮ್ಮ ಚೀಲದಲ್ಲೇ ಕೆಳಗೆ ಬರಲಿ.

ಇಳಿದ ದಿನವೇ ವಿಮಾನ ಹಿಡಿಯುವ ಯೋಜನೆ ಬೇಡ. ಸಮಯ ಇದ್ದರೆ ರುಟೆಂಗ್ ಕಡೆಯಿಂದ ವಾಪಸ್ ಬನ್ನಿ. ದಾರಿಯಲ್ಲಿ ಚಾಂಚಾರ್ ಹತ್ತಿರದ ಗುಡ್ಡ ಹತ್ತಿದರೆ ಜೇಡರಬಲೆಯ ಆಕಾರದ ಗದ್ದೆಗಳು ಕಾಣುತ್ತವೆ. ನಡುವಿನ ಬಿಂದುವಿನಿಂದ ಗೆರೆ ಎಳೆದು ಮನೆತನಗಳಿಗೆ ಜಮೀನು ಹಂಚಿದ ಹಳೇ ಲೆಕ್ಕ ಅದು. ರುಟೆಂಗ್‌ನಿಂದ ಸ್ವಲ್ಪ ದೂರದಲ್ಲೇ ಲಿಯಾಂಗ್ ಬುವಾ ಗುಹೆ. 2003ರಲ್ಲಿ ಕುಳ್ಳ ಮಾನವ ಜಾತಿಯ ಮೂಳೆಗಳು ಸಿಕ್ಕಿದ್ದು ಅಲ್ಲೇ. ಎರಡರಲ್ಲಿ ಒಂದನ್ನೇ ನೋಡಲು ಸಾಧ್ಯ ಅಂತಾದರೆ ಗದ್ದೆಗೆ ಹೋಗಿ, ಸಂಜೆಯ ಬೆಳಕಿನಲ್ಲಿ.