ತಖ್ತ್-ಎ-ಜಮ್ಶೀದ್‌ಗೆ ಹೊರಟವರಿಗೆ: ಕಂಬ ಬೇಗ ನೋಡಿ, ಮೆಟ್ಟಿಲು ನಿಧಾನವಾಗಿ ನೋಡಿ

ಪ್ರಾಚೀನ ಪರ್ಷಿಯಾ ದೊರೆಗಳ ಪಾಳುಬಿದ್ದ ಅರಮನೆ ಪರ್ಸೆಪೊಲಿಸ್ ನೋಡಲು ಇರಾನಿನ ಶಿರಾಜ್‌ನಲ್ಲಿ ಉಳಿಯುವುದೇ ಸರಿ. ಅಲ್ಲಿಂದ ಸುಮಾರು 60 ಕಿ.ಮೀ., ಮರ್ವದಶ್ತ್ ಊರಿನ ಮೇಲೆ ಹಾದು ಹೋಗುವ ದಾರಿ. ಡ್ರೈವರ್ ಹತ್ತಿರ ಅಲ್ಲಿನವರು ಕರೆಯುವಂತೆ ‘ತಖ್ತ್-ಎ-ಜಮ್ಶೀದ್’ ಎನ್ನಿ, ತಕ್ಷಣ ಗೊತ್ತಾಗುತ್ತದೆ. ಬಸ್ಸಿನ ಉಸಾಬರಿ ಬೇಡ, ಇಡೀ ದಿನಕ್ಕೆ ಟ್ಯಾಕ್ಸಿ ಮಾತಾಡಿಕೊಳ್ಳಿ. ಕಾಯುವ ಹೊತ್ತೂ ಸೇರಿ ಎಷ್ಟು ಎಂದು ಮೊದಲೇ ತೀರ್ಮಾನವಾಗಲಿ. ಹೇಳಿದ ಮೊತ್ತ ರಿಯಾಲೋ ತೊಮಾನೋ ಎಂದೂ ಕೇಳಿ. ನೋಟಿನ ಮೇಲಿರುವುದು ರಿಯಾಲ್, ಜನರ ಬಾಯಲ್ಲಿರುವುದು ತೊಮಾನ್. ಹತ್ತು ರಿಯಾಲ್‌ಗೆ ಒಂದು ತೊಮಾನ್. ನಮ್ಮ ವೀಸಾ, ಮಾಸ್ಟರ್ ಕಾರ್ಡ್‌ಗಳು ಆ ದೇಶದಲ್ಲಿ ನಡೆಯುವುದಿಲ್ಲ. ಪೂರ್ತಿ ಪ್ರವಾಸಕ್ಕೆ ಬೇಕಾಗುವಷ್ಟು ಡಾಲರ್ ಅಥವಾ ಯೂರೋ ನಗದಾಗಿಯೇ ಕೈಯಲ್ಲಿರಬೇಕು.

ಇದಕ್ಕೆಲ್ಲ ಮುಂಚೆ ಇನ್ನೊಂದು ಮಾತು. ಭಾರತೀಯರಿಗೆ 2024ರಲ್ಲಿ ಕೊಟ್ಟಿದ್ದ ವೀಸಾ ವಿನಾಯಿತಿಯನ್ನು ಆಮೇಲೆ ನಿಲ್ಲಿಸಿದ್ದಾರೆ, ಹಳೆಯ ವಿಡಿಯೊ ನಂಬಿ ಟಿಕೆಟ್ ಮಾಡಿಸಬೇಡಿ. ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಯನ್ನು ಹೊರಡುವ ವಾರದಲ್ಲಿ ಮತ್ತೊಮ್ಮೆ ಓದಿ. ಹೋಗಬೇಡಿ ಎಂದಿದ್ದರೆ ಹೋಗಬೇಡಿ. ಎರಡೂವರೆ ಸಾವಿರ ವರ್ಷ ನಿಂತ ಕಲ್ಲು ಇನ್ನೊಂದು ವರ್ಷ ಕಾಯುತ್ತದೆ.

ಹವೆ ಹಿತವಾಗಿರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಮಾರ್ಚ್ 20ರ ಆಸುಪಾಸಿನಿಂದ ಎರಡು ವಾರ ನೌರೂಜ್, ಅಂದರೆ ಅಲ್ಲಿನ ಹೊಸವರ್ಷದ ರಜೆ. ಇಡೀ ದೇಶವೇ ಶಿರಾಜ್‌ಗೆ ಬಂದಂತಿರುತ್ತದೆ. ಗುರುವಾರ, ಶುಕ್ರವಾರಗಳೂ ಬೇಡ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತುಬಿಡಿ. ಮೇಲೆ ಹತ್ತಿದ ಮೇಲೆ ನೆರಳಿನ ಆಸೆ ಬಿಡಿ: ಟೋಪಿ, ನೀರು ಜೊತೆಗಿರಲಿ. ಹೆಂಗಸರಿಗೆ ಉದ್ದ ತೋಳಿನ ಚೂಡಿದಾರ್, ತಲೆಯ ಮೇಲೆ ದುಪಟ್ಟಾ ಇದ್ದರೆ ಸಾಕು. ಗಂಡಸರು ಚಡ್ಡಿ ಬಿಟ್ಟು ಪ್ಯಾಂಟ್ ಹಾಕಿ.

ಪರ್ಷಿಯಾದ ಡೇರಿಯಸ್ ದೊರೆ ಕ್ರಿ.ಪೂ. 518ರ ಹೊತ್ತಿಗೆ ಕಟ್ಟಿಸಲು ಶುರುಮಾಡಿದ, ಅಲೆಕ್ಸಾಂಡರ್ ಕ್ರಿ.ಪೂ. 330ರಲ್ಲಿ ಸುಟ್ಟ ಅರಮನೆಗಳ ಜಗಲಿ ಇದು. ಹತ್ತಲು 111 ಮೆಟ್ಟಿಲು. ಒಂದೊಂದೂ ಗಿಡ್ಡ, ಮಂಡಿನೋವಿನ ಹಿರಿಯರೂ ನಿಧಾನವಾಗಿ ಹತ್ತಬಹುದು. ಹತ್ತಿದ ಕೂಡಲೇ ಡೇರಿಯಸ್‌ನ ಮಗ ಜೆರ್ಕ್ಸೀಸ್ ಕಟ್ಟಿಸಿದ ಸರ್ವದೇಶಗಳ ಬಾಗಿಲು. ಅದರ ಗೋಡೆಯ ಮೇಲೆ ಹೆಸರು ಕೆತ್ತಿಹೋದ ಯುರೋಪಿಯನ್ನರಿಗೆ ಲೆಕ್ಕವಿಲ್ಲ. ಆಫ್ರಿಕಾ ಸುತ್ತಿದ ಸ್ಟ್ಯಾನ್ಲಿಯದ್ದೂ ಇದೆ, 1870ರ ತಾರೀಕಿನೊಂದಿಗೆ. ಗೋಡೆ ಗೀಚುವವರು ನಮ್ಮಲ್ಲಿ ಮಾತ್ರ ಎಂದುಕೊಂಡವರು ಇದನ್ನು ನೋಡಬೇಕು.

ಮುಂದೆ ಅಪದಾನ ಎಂಬ ಸಭಾಮಂಟಪ. 72 ಕಂಬಗಳಲ್ಲಿ ನಿಂತಿರುವುದು 13. ಎಲ್ಲರೂ ಅವುಗಳ ಕೆಳಗೆ ಫೋಟೊ ತೆಗೆಸಿಕೊಂಡು ನೂರು ಕಂಬದ ಮಂಟಪದತ್ತ ನಡೆದುಬಿಡುತ್ತಾರೆ. ನನ್ನ ಸಲಹೆ ಕೇಳುವುದಾದರೆ ನಿಮ್ಮ ಅರ್ಧ ಹೊತ್ತನ್ನು ಅಪದಾನದ ಪೂರ್ವದ ಮೆಟ್ಟಿಲಿಗೇ ಕೊಡಿ. ಅಧೀನ ನಾಡುಗಳ ಜನ ಕಾಣಿಕೆ ತರುವ ಒಂದೇ ಮೆರವಣಿಗೆಯನ್ನು ಉತ್ತರದ ಮೆಟ್ಟಿಲಿಗೂ ಪೂರ್ವದ ಮೆಟ್ಟಿಲಿಗೂ ಕೆತ್ತಿದ್ದಾರೆ. ಉತ್ತರದ್ದು ಶತಮಾನಗಳಿಂದ ಬಿಸಿಲು ಮಳೆಗೆ ಬಿದ್ದು ಸವೆದಿದೆ. ಪೂರ್ವದ್ದು ಮಣ್ಣಿನಡಿ ಹೂತುಹೋಗಿದ್ದು 1930ರ ದಶಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರ ಉತ್ಖನನದಲ್ಲಿ ಹೊರಬಂತು. ಗಡ್ಡದ ಗುಂಗುರು ಕೂಡ ಎಣಿಸುವಂತಿದೆ. ಮೊದಲು ಉತ್ತರದ್ದನ್ನು ನೋಡಿ ಆಮೇಲೆ ಇಲ್ಲಿಗೆ ಬನ್ನಿ.

ಒಟ್ಟು 23 ತಂಡ. ತಂಡ ತಂಡದ ನಡುವೆ ಒಂದೊಂದು ಸೈಪ್ರಸ್ ಮರ. ಪ್ರತಿ ತಂಡದ ಮುಖಂಡನ ಕೈಯನ್ನು ಅರಮನೆಯವನೊಬ್ಬ ಹಿಡಿದು ಕರೆದೊಯ್ಯುತ್ತಿದ್ದಾನೆ. ಇರಾನಿನ ನೈಋತ್ಯದ ಏಲಮ್‌ನವರು ಸಿಂಹಿಣಿಯನ್ನೂ ಮರಿಗಳನ್ನೂ ತಂದಿದ್ದಾರೆ, ತಾಯಿ ಹಿಂತಿರುಗಿ ಮರಿಗಳತ್ತ ನೋಡುತ್ತಿದೆ. ಇಂದಿನ ಅಫ್ಘಾನಿಸ್ತಾನದ ಕಡೆಯ ಬ್ಯಾಕ್ಟ್ರಿಯಾದವರದ್ದು ಎರಡು ಡುಬ್ಬದ ಒಂಟೆ. ಭಾರತದವರನ್ನು ಗುರುತಿಸಲು ಗೈಡ್ ಬೇಕಿಲ್ಲ: ಬರಿಮೈ, ಸೊಂಟಕ್ಕೆ ಪಂಚೆ, ಒಬ್ಬನ ಹೆಗಲ ಮೇಲೆ ಕಾವಡಿ, ಜೊತೆಗೊಂದು ಕತ್ತೆ. ಕಾವಡಿಯಲ್ಲಿರುವುದು ಚಿನ್ನದ ಪುಡಿ ಎಂಬುದು ವಿದ್ವಾಂಸರ ಊಹೆ. ಈ ಪ್ರಾಂತದ ಕಪ್ಪ ಚಿನ್ನದ ಪುಡಿ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಇವರು ಸಿಂಧೂ ಕಣಿವೆಯ ಕಡೆಯವರು, ನಮ್ಮ ದಕ್ಷಿಣಕ್ಕೆ ಸಂಬಂಧವಿಲ್ಲ. ಆದರೂ ಅಷ್ಟು ದೂರದ ಕಲ್ಲಿನಲ್ಲಿ ಪಂಚೆ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ.

ಗೈಡ್‌ಗಳಲ್ಲಿ ಕೆಲವರು ‘ಇದನ್ನು ಕಟ್ಟಿದವರೆಲ್ಲ ಸಂಬಳದವರು, ಜೀತವೇ ಇರಲಿಲ್ಲ’ ಎನ್ನುತ್ತಾರೆ. ಇಲ್ಲಿ ಸಿಕ್ಕ ಏಲಮೈಟ್ ಭಾಷೆಯ ಮಣ್ಣಿನ ಫಲಕಗಳಲ್ಲಿ ಕೆಲಸಗಾರರಿಗೆ ಧಾನ್ಯ, ದ್ರಾಕ್ಷಾರಸ ಅಳೆದುಕೊಟ್ಟ ಲೆಕ್ಕವಿದೆ, ಬಾಣಂತಿಯರಿಗೆ ಹೆಚ್ಚಿನ ಪಡಿಯೂ ಇದೆ. ಅಷ್ಟು ನಿಜ. ದೂರದ ನಾಡುಗಳಿಂದ ತಂದು ನಿಲ್ಲಿಸಿದ ಆ ಜನಕ್ಕೆ ಬಿಟ್ಟು ಹೋಗುವ ಸ್ವಾತಂತ್ರ್ಯ ಇತ್ತೇ ಎಂಬುದು ಬೇರೆಯೇ ಪ್ರಶ್ನೆ.

ಇನ್ನೂ ಶಕ್ತಿ ಉಳಿದಿರುವಾಗಲೇ ಆರೇಳು ಕಿ.ಮೀ. ದೂರದ ನಕ್ಷ್-ಎ-ರುಸ್ತಂಗೆ ಹೋಗಿ, ಇದನ್ನಂತೂ ಬಿಡಬೇಡಿ. ಕಡಿದಾದ ಬಂಡೆಯ ಎತ್ತರದಲ್ಲಿ ಶಿಲುಬೆಯಾಕಾರದಲ್ಲಿ ಕೊರೆದ ನಾಲ್ಕು ರಾಜಸಮಾಧಿಗಳು. ಡೇರಿಯಸ್‌ನದ್ದು ಯಾವುದೆಂದು ಶಾಸನವೇ ಹೇಳುತ್ತದೆ. ಅವುಗಳ ಕೆಳಗೆ ಏಳೆಂಟು ಶತಮಾನದ ನಂತರ ಬಂದ ಸಾಸಾನಿ ದೊರೆಗಳು ತಮ್ಮ ಶಿಲ್ಪ ಕೆತ್ತಿಸಿದ್ದಾರೆ. ರೋಮ್ ಚಕ್ರವರ್ತಿ ವಲೇರಿಯನ್‌ನನ್ನು ಸೆರೆಹಿಡಿದ ಒಂದನೆಯ ಶಾಪುರ್ ಕುದುರೆಯ ಮೇಲೆ ಕೂತಿರುವ ಶಿಲ್ಪವನ್ನು ಹುಡುಕಿ ನೋಡಿ.

ಪಾಸರ್ಗಾಡೆಗೆ ಹೋಗಬೇಕೆ? ಪರ್ಷಿಯಾ ಸಾಮ್ರಾಜ್ಯ ಕಟ್ಟಿದ ಸೈರಸ್‌ನ ಸಮಾಧಿ ಇರುವುದು ಅಲ್ಲಿ. ಆರು ಹಂತದ ಕಲ್ಲಿನ ಪೀಠ, ಮೇಲೊಂದು ಪುಟ್ಟ ಮನೆ, ಸುತ್ತ ಬಯಲು. ಶಿರಾಜ್‌ನಿಂದ ಸುಮಾರು 130 ಕಿ.ಮೀ. ಇತಿಹಾಸದ ಹುಚ್ಚಿದ್ದರೆ ಹೋಗಿ. ಮಕ್ಕಳಿದ್ದರೆ ಬಿಡಿ. ಯಜ್ದ್ ಅಥವಾ ಇಸ್ಫಹಾನ್‌ಗೆ ಕಾರಿನಲ್ಲಿ ಹೊರಟಿದ್ದರೆ ಆ ದಾರಿಯಲ್ಲೇ ನೋಡಿಕೊಂಡು ಹೋಗುವುದು ಜಾಣತನ.

ಸಸ್ಯಾಹಾರಿಗಳು ‘ಬೆದೂನೆ ಗೂಷ್ತ್’, ಅಂದರೆ ಮಾಂಸವಿಲ್ಲದ್ದು, ಎಂದು ಕೇಳಿ. ಬದನೆಕಾಯಿಯ ಕಶ್ಕ್-ಎ-ಬಾದೆಂಜಾನ್, ಬಿಸಿ ಸಂಗಕ್ ರೊಟ್ಟಿ, ಮೊಸರು, ಖರ್ಜೂರ ಇದ್ದರೆ ಹೊಟ್ಟೆಗೆ ಮೋಸವಿಲ್ಲ.

ವಾಪಸ್ ವಿಮಾನ ಟೆಹ್ರಾನ್‌ನಿಂದಾದರೆ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಸಿಂಹಾಸನದ ಮೇಲೆ ಕೂತ ದೊರೆಯ ಫಲಕವೊಂದು ಅಲ್ಲಿದೆ. ಮೊದಲು ಅಪದಾನದ ಮೆಟ್ಟಿಲಿನ ನಟ್ಟನಡುವೆ ಇದ್ದ ಅದನ್ನು ಹಳೆಯ ಕಾಲದಲ್ಲೇ ಕಿತ್ತು ಖಜಾನೆಗೆ ಸಾಗಿಸಿದ್ದರು. ಆ ಜಾಗವನ್ನು ಕಣ್ಣಾರೆ ನೋಡಿದ ಮೇಲೆ ಫಲಕ ನೋಡಿದರೇ ಮೆರವಣಿಗೆ ಹೊರಟಿದ್ದು ಯಾರತ್ತ ಎಂಬುದು ತಿಳಿಯುತ್ತದೆ. ಹಾಗಾಗಿ ಮ್ಯೂಸಿಯಂ ಕೊನೆಗಿರಲಿ.