ಕ್ರಿಸ್ಮಸ್‌ಗೆ ಮೆಂತೆ ಗಂಜಿ

ಈ ಸಲ ನಮ್ಮ ಮನೆಯ ಕ್ರಿಸ್ಮಸ್‌ಗೆ ಪೋರ್ಕ್ ಇಲ್ಲ, ಬಿರಿಯಾನಿ ಇಲ್ಲ, ಕೋರಿ ರೊಟ್ಟಿ ಸಹ ಇಲ್ಲ. ಮೆಂತೆ ಗಂಜಿ ಮತ್ತು ತಾಟೆ ಮೀನಿನ, ಅಂದ್ರೆ ಶಾರ್ಕಿನ, ಸಾರು. ಮಂಗಳೂರಲ್ಲಿ ಹೇಳಿದ್ರೆ ಯಾರೂ ನಂಬ್ಲಿಕ್ಕಿಲ್ಲ, ಹಬ್ಬದ ದಿನ ಗಂಜಿಯಾ ಅಂತ ಅಣ್ಣ ಕೇಳಿದ್ದೇ ಕೇಳಿದ್ದು. ಆದ್ರೆ ಮನೆಯಲ್ಲಿ ಬಾಣಂತಿ ಇದ್ಳು ಮಾರಾಯ್ರೆ. ಅಡ್ವೆಂಟ್, ಅಂದ್ರೆ ಕ್ರಿಸ್ಮಸ್‌ಗೆ ಕಾಯುವ ನಾಲ್ಕು ವಾರ, ಸುರುವಾದಾಗಲೇ ತಂಗಿಗೆ ಹೆರಿಗೆ ಆದದ್ದು, ಎಂತೆಲ್ಲ ಆಯ್ತು ಅಂತ ಬರೀಲಿಕ್ಕೆ ಮನಸ್ಸಿಲ್ಲ, ಡಾಕ್ಟ್ರು ಒಂದು ರಾತ್ರಿ ನಮ್ಮ ಮುಖ ನೋಡದೆ ಮಾತಾಡಿದ್ರು, ಅಷ್ಟು ಹೇಳಿದ್ರೆ ಸಾಕು. ಈಗ ತಾಯಿ ಮಗು ಇಬ್ರೂ ಮನೆಗೆ ಬಂದಾಗಿದೆ. ಕರ್ತನಿಗೆ ಸ್ತೋತ್ರ.

ಅವಳಿಗೆ ಬೇರೆ ಪಥ್ಯದ ಅಡುಗೆ, ನಮಗೆ ಬೇರೆ ಹಬ್ಬದ ಅಡುಗೆ ಮಾಡಬಹುದಿತ್ತು. ಮಾಡದ್ದಕ್ಕೆ ಕಾರಣ ನಮ್ಮ ಅಜ್ಜಿ, ತೀರಿಹೋಗಿ ಎಷ್ಟೋ ವರ್ಷ ಆದ್ರೂ ಅಡುಗೆಕೋಣೆಯಲ್ಲಿ ಇನ್ನೂ ಅವಳದ್ದೇ ಕಾರುಬಾರು. ನಮ್ಮದು ಬಾಸೆಲ್ ಮಿಷನ್ ಕಾಲದ ಕುಟುಂಬ, 1834ರಲ್ಲಿ ಮಂಗಳೂರಿಗೆ ಬಂದ ಆ ಸ್ವಿಟ್ಜರ್ಲೆಂಡಿನ ಮಿಷನ್ನಿನ ಪಾದ್ರಿಗಳು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಸುರುಮಾಡಿದ್ರಲ್ಲ, ಅಜ್ಜಿಯ ಅಪ್ಪ ಅದ್ರಲ್ಲಿ ಕೆಲಸಕ್ಕೆ ಇದ್ದವರು. ಬೈಬಲ್ ಅವಳಿಗೆ ಬಾಯಿಪಾಠ, ಹೆದರಿಕೆ ಮಾತ್ರ ಯಾರದ್ದೂ ಇರ್ಲಿಲ್ಲ. ಒಂದು ಕ್ರಿಸ್ಮಸ್‌ಗೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಊಟಕ್ಕೆ ಬಂದು ಕುರುಬರ ಕಥೆ, ಜ್ಯೋತಿಷಿಗಳ ಕಥೆ, ಚಿನ್ನ ಧೂಪ ರಕ್ತಬೋಳ ಎಲ್ಲ ಚಂದ ಮಾಡಿ ವಿವರಿಸ್ತಾ ಇದ್ದಾಗ ಅಜ್ಜಿ ಸೌಟು ಹಿಡ್ಕೊಂಡೇ ಕೇಳಿದ್ಳು, ಅಯ್ಯ, ಅದೆಲ್ಲ ಸರಿ, ಆ ರಾತ್ರಿ ಬಾಣಂತಿಗೆ ಗಂಜಿ ಕೊಟ್ಟದ್ದು ಯಾರು?

ಅಯ್ಯನವರು ನಕ್ಕುಬಿಟ್ರು. ಅಜ್ಜಿ ನಗ್ಲಿಲ್ಲ. ಲೂಕ ಎರಡನೇ ಅಧ್ಯಾಯ ತೆಗ್ದು ನೋಡಿ, ಮರಿಯಳು ಚೊಚ್ಚಲ ಮಗನನ್ನು ಹೆತ್ತು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು ಅಂತ ಉಂಟು, ಅವಳು ಎಂತ ತಿಂದ್ಳು ಅಂತ ಒಂದಕ್ಷರ ಇಲ್ಲ. ಊರು ಬಿಟ್ಟು ಬಂದ ಹುಡುಗಿ, ಛತ್ರದಲ್ಲಿ ಸ್ಥಳ ಇಲ್ಲ, ಜೊತೆಗೆ ಅಮ್ಮ ಬಂದಿದ್ಳು ಅಂತಲೂ ಬರೆದಿಲ್ಲ. ಬರೆದೋರು ಗಂಡಸ್ರು, ಅವರಿಗೆ ಅದು ಕಾಣ್ಲಿಕ್ಕಿಲ್ಲ, ಬೇತ್ಲೆಹೇಮಿನ ಯಾವಳೋ ಒಬ್ಬಳು ತಂದೇ ತಂದಿರ್ತಾಳೆ ಅಂತ ಅಜ್ಜಿಯ ಗಟ್ಟಿ ನಂಬಿಕೆ. ಅದೇ ಅಧ್ಯಾಯದಲ್ಲಿ ಮುಂದೆ ಶುದ್ಧೀಕರಣದ ಯಜ್ಞಕ್ಕೆ ಜೋಡಿ ಬೆಳವಕ್ಕಿಯೋ ಎರಡು ಪಾರಿವಾಳದ ಮರಿಯೋ ಅಂತ ಬರ್ತದಲ್ಲ, ಬೈಬಲಿನ ಯಾಜಕಕಾಂಡದ ಪ್ರಕಾರ ಗಂಡುಮಗು ಹೆತ್ತವಳಿಗೆ ಆ ಶುದ್ಧಿಯ ಲೆಕ್ಕ ಒಟ್ಟು 40 ದಿನ, ನಮ್ಮ ಬಾಣಂತನದ ಹಾಗೇ, ಮತ್ತೆ ಪಾರಿವಾಳ ಕೊಡುವುದು ಕುರಿಮರಿ ತರ್ಲಿಕ್ಕೆ ಗತಿ ಇಲ್ಲದವರು. ಅಷ್ಟು ಬಡವಿ ಬಾಣಂತಿಯ ಹೆಸ್ರಲ್ಲಿ ನಾವು ಕಿಲೋಗಟ್ಟಲೆ ಮಾಂಸ ತಂದು ಯಾರ ಮನೆಯಲ್ಲಿ ಎಷ್ಟು ಐಟಂ ಅಂತ ಲೆಕ್ಕ ಹಾಕ್ತೇವೆ.

ಹಾಗಾಗಿ ರಾತ್ರಿಯೇ ಮೆಂತೆ ನೆನೆಹಾಕಿದೆ. ಬೆಳಿಗ್ಗೆ ಆರಾಧನೆಗೆ ಹೋಗುವ ಮೊದ್ಲು ಅಕ್ಕಿ ಮೆಂತೆ ಒಟ್ಟಿಗೆ ಬೇಯ್ಲಿಕ್ಕೆ ಇಟ್ಟು, ಬಂದ ಮೇಲೆ ಬೆಲ್ಲ ಹಾಕಿ, ಕಡೆಗೆ ದಪ್ಪ ತೆಂಗಿನಹಾಲು. ಹಾಲು ಬಿದ್ದ ಮೇಲೆ ಕುದಿಸ್ಬಾರ್ದು, ಒಡೀತದೆ. ಮುಚ್ಚಳ ತೆಗ್ದಾಗ ಆ ಹಬೆ ಮುಖಕ್ಕೆ ಬಂತು ನೋಡಿ, ಕಹಿ ಯಾವುದು ಸಿಹಿ ಯಾವುದು ಗೊತ್ತಾಗದ ಆ ಪರಿಮಳ, ಕನ್ನಡಕ ಪೂರಾ ಮಂಜಾಯ್ತು, ಅಜ್ಜಿಯ ಸೀರೆಗೆ ಯಾವಾಗ್ಲೂ ಇದೇ ವಾಸನೆ ಇತ್ತು. ಕೇರಿಯಲ್ಲಿ ಯಾರು ಹೆತ್ರೂ, ಬ್ಯಾರಿಗಳ ಮನೆಯಾಗ್ಲಿ ಬಂಟರ ಮನೆಯಾಗ್ಲಿ, ತೂಕುಪಾತ್ರೆಯಲ್ಲಿ ಗಂಜಿ ಹಿಡ್ಕೊಂಡು ಹೊರಡ್ತಿದ್ಳು. ನಾನು ಒಲೆ ಎದುರು ನಿಂತಲ್ಲೇ ಪ್ರಾರ್ಥನೆ ಮಾಡಿದೆ. ಚರ್ಚಲ್ಲಿ ಬಾರದ ಕಣ್ಣೀರು ಅಲ್ಲಿ ಬಂತು.

ಈಗ ಅಂತಹ ಹೋಗುವಿಕೆ ಬರುವಿಕೆ ಎಲ್ಲಿ ಉಂಟು ಹೇಳಿ. ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಗಳು, ಬೇಕರಿಯಿಂದ ಡಬ್ಬದಲ್ಲಿ ಬರ್ತದೆ, ಮುಳ್ಳುಚಮಚದ ಬೆನ್ನ ಮೇಲೆ ಹಿಟ್ಟಿನ ಸಣ್ಣ ಸುರುಳಿ ತಿಂಡಿ ಕಿಡಿಯೊ ಸುತ್ತುತ್ತಾ ಮಕ್ಕಳು ಕೂತದ್ದು ನೋಡಿ ಎಷ್ಟು ಕಾಲ ಆಯ್ತೋ, ಪಕ್ಕದ ಮನೆಗೆ ತಟ್ಟೆ ಒಯ್ಯುವ ಬದಲು ವಾಟ್ಸಾಪಲ್ಲಿ ಕೇಕಿನ ಫೋಟೋ. ಊಟದ ಪ್ರಾರ್ಥನೆ ಸಹ ಬಿರಿಯಾನಿ ತಣೀತದೆ ಅಂತ ಒಂದೇ ಸಾಲಿಗೆ ಬಂದು ನಿಂತಿದೆ. ಬೇಜಾರು ಮಾಡ್ಕೊಳ್ಬೇಡಿ, ನಮ್ಮ ಮನೆಗೂ ಸೇರಿಸಿಯೇ ಹೇಳಿದ್ದು.

ತಂಗಿ ಎಲ್ಲರ ಒಟ್ಟಿಗೆ ಕೂತು ಉಂಡ್ಳು. ಕಾಳುಮೆಣಸು ಬೆಳ್ಳುಳ್ಳಿ ಜಾಸ್ತಿ ಹಾಕಿದ ತಾಟೆ ಸಾರು ಅವಳಿಗೆ ಹಾಲು ಬರ್ಲಿಕ್ಕೆ ಅಂತ ಮಾಡಿದ್ದು, ಗೊಣಗಿದ ಅಣ್ಣನೇ ಎರಡನೇ ಸಲ ಬಡಿಸ್ಕೊಂಡ. ಗಂಜಿಗೆ ಮಾತ್ರ ಅವನು ಕೈ ಹಾಕ್ಲಿಲ್ಲ. ಮಗುವಿನ ದೀಕ್ಷಾಸ್ನಾನದ ದಿನ ಪೋರ್ಕ್ ಮಾಡ್ಲೇಬೇಕು ಅಂತ ಈಗ್ಲೇ ನನ್ನಿಂದ ಮಾತು ತಗೊಂಡಿದ್ದಾನೆ.