ಜಾಕೋಗಾಗಿ ಒಂದು ಟ್ರ್ಯಾಕ್: ಕಿಕ್ ತಗ್ಗಿತು, ತಮಟೆ ಬಂತು

ಟ್ರ್ಯಾಕ್ ಈಗ ಅರ್ಧಕ್ಕಿಂತ ಜಾಸ್ತಿ ಆಗಿದೆ. ಬೇಸ್ ಗಿಟಾರ್ ಪೂರ್ತಿ ರೆಕಾರ್ಡ್ ಆಯ್ತು, ತಮಟೆ ಸೇರಿತು. ಸಿಂಥ್ (ಸಿಂಥಸೈಜರ್) ಸೋಲೋ ಮತ್ತು ಮಿಕ್ಸಿಂಗ್ ಬಾಕಿ. ಮೊದಲ ಸಲ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ: ಇದು ಬೇಸ್ ಗಿಟಾರ್ ವಾದಕ ಜಾಕೋ ಪಾಸ್ಟೋರಿಯಸ್ ಅವರ ನೆನಪಿಗೆ ಚಿಂತಾಮಣಿಯ ನಮ್ಮ ಮನೆಯಲ್ಲಿ ಮಾಡುತ್ತಿರುವ ಹಾಡು. ಅರ್ಧ ಜಾಝ್ ಫ್ಯೂಷನ್, ಅರ್ಧ ಹೌಸ್ ಅನ್ನುವ ಡಾನ್ಸ್ ಮ್ಯೂಸಿಕ್. ವೇಗ ನಿಮಿಷಕ್ಕೆ 122 ಬೀಟ್.

ಜಾಕೋ 1951ರಲ್ಲಿ ಹುಟ್ಟಿ 1987ರಲ್ಲಿ, ಬರೀ 35ನೇ ವಯಸ್ಸಿಗೆ ತೀರಿಕೊಂಡರು. ಫೆಂಡರ್ ಜಾಝ್ ಬೇಸ್‌ನ ಫ್ರೆಟ್‌ಗಳಿಲ್ಲದ (ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿಗಳಿಲ್ಲದ) ಕುತ್ತಿಗೆಗೆ ದೋಣಿಗೆ ಬಳಿಯುವ ಎಪಾಕ್ಸಿ ಹಚ್ಚಿ ನುಡಿಸಿದವರು. 1976ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದೇ ವರ್ಷ ವೆದರ್ ರಿಪೋರ್ಟ್ ಅನ್ನುವ ಜಾಝ್ ಫ್ಯೂಷನ್ ತಂಡ ಸೇರಿದರು. ಹಿಂದೆ ನಿಂತು ತಾಳ ಕಾಯುತ್ತಿದ್ದ ವಾದ್ಯ ಅವರ ಕೈಯಲ್ಲಿ ಮುಂದೆ ಬಂದು ಹಾಡಿತು.

ಅದಕ್ಕೇ ನನ್ನದೊಂದು ಹಠ. ಡಾನ್ಸ್ ಮ್ಯೂಸಿಕ್‌ನಲ್ಲಿ ಕಿಕ್ (ಡ್ರಮ್ಮಿನ ದಪ್ಪ ಗುದ್ದು) ಬಿದ್ದಾಗೆಲ್ಲ ಬೇಸ್ ತಗ್ಗುವ ಹಾಗೆ ಸೈಡ್‌ಚೈನ್ ಕಂಪ್ರೆಷನ್ ಹಾಕುವುದು ರೂಢಿ. ಜಾಕೋ ಹೆಸರಿನ ಹಾಡಲ್ಲಿ ಬೇಸ್ ತಗ್ಗಬಾರದು ಅಲ್ವಾ? ನಾನು ಉಲ್ಟಾ ಮಾಡಿದೆ. ಈಗ ಬೇಸ್ ಬಂದಾಗ ಕಿಕ್ ತಗ್ಗುತ್ತದೆ. ಅದೂ 50ರಿಂದ 80 ಹರ್ಟ್ಸ್ ಒಳಗೆ ಮಾತ್ರ, ಯಾಕಂದ್ರೆ ಬೇಸ್‌ನ ಎ ತಂತಿಯ ಮೂಲ ಸ್ವರ 55 ಹರ್ಟ್ಸ್. ಇಬ್ಬರೂ ಜಗಳ ಆಡುವುದು ಅಲ್ಲೇ. ಕಿಕ್‌ನ ಬಾಲವನ್ನೂ ಕತ್ತರಿಸಿದೆ. ಈ ವೇಗದಲ್ಲಿ ಬೀಟಿನ ಕಾಲು ಭಾಗ ಅಂದ್ರೆ 123 ಮಿಲಿಸೆಕೆಂಡ್. ಕಿಕ್ 100ಕ್ಕೇ ಮುಗಿದರೆ ಮುಂದಿನ ಕಾಲು ಬೀಟಿನ ನೋಟ್ ಬೇಸ್‌ಗೆ ಖಾಲಿ ಸಿಗುತ್ತದೆ. ಜಾಕೋ ಶೈಲಿಯ ಜೀವವೇ ಆ ಸಣ್ಣ ನೋಟ್‌ಗಳಲ್ಲಿದೆ. ಅರ್ಧ ಒತ್ತಿದ ತಂತಿಯ ಟಕ್ ಟಕ್ ಸದ್ದು ಕೂಡ ಕೇಳಿಸಲೇಬೇಕು.

ಬೇಸ್ ಅನ್ನು ಕ್ವಾಂಟೈಸ್ (ನೋಟ್‌ಗಳನ್ನು ಕಂಪ್ಯೂಟರಿನಲ್ಲಿ ಬೀಟಿಗೆ ನಿಖರವಾಗಿ ಕೂರಿಸುವುದು) ಮಾಡಿಲ್ಲ, ಮಾಡುವುದೂ ಇಲ್ಲ. ಡ್ರಮ್ಮಿನ ಜೋಡಿ ತಾಳವಾದ ಹೈಹ್ಯಾಟನ್ನೇ ಸ್ವಲ್ಪ ಸ್ವಲ್ಪ ಸರಿಸಿ ಅದರ ನಡೆಗೆ ಹೊಂದಿಸಿದೆ. ಟೋನ್‌ಗೆ ಬ್ರಿಡ್ಜ್ ಕಡೆಯ ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಒಂದೇ, ಬಲಗೈ ಅದರ ಮೇಲೇ.

ಇನ್ನು ತಮಟೆ. ಜಾಕೋ ಮೊದಲ ಆಲ್ಬಮ್ಮಿನ ಮೊದಲ ಟ್ರ್ಯಾಕಿನಲ್ಲಿ ಇರುವುದು ಎರಡೇ: ಅವರ ಬೇಸ್ ಮತ್ತು ಡಾನ್ ಅಲಿಯಾಸ್ ನುಡಿಸಿದ ಕಾಂಗಾ ಅನ್ನುವ ಕೈಡ್ರಮ್. ಆ ಜೋಡಿ ನನಗೆ ಬಹಳ ಇಷ್ಟ. ಆದರೆ ನಮ್ಮೂರಲ್ಲಿ ಕೂತು ಕಾಂಗಾ ಸ್ಯಾಂಪಲ್ ಯಾಕೆ ಹುಡುಕಬೇಕು? ತಮಟೆಗೆ 2023ರಲ್ಲಿ ಪದ್ಮಶ್ರೀ ಪಡೆದ ಮುನಿವೆಂಕಟಪ್ಪ ಅವರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರೇ.

ಪರಿಚಯದ ಅಣ್ಣ ಒಬ್ಬರು ನುಡಿಸಲು ಒಪ್ಪಿದರು. ಊರಾಚೆ ಬಯಲಲ್ಲಿ ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿದರು. ಬಿಸಿ ತಾಕಿ ಚರ್ಮ ಬಿಗಿಯಾದ ಮೇಲೆ ಬಂದ ಸದ್ದಿಗೆ ಮೈಕನ್ನು ದೂರಕ್ಕೆ ಒಯ್ಯಬೇಕಾಯಿತು. ಹೆಡ್‌ಫೋನಿನಲ್ಲಿ ಪೂರ್ತಿ ಟ್ರ್ಯಾಕ್ ಹಾಕಿದೆ. ಅವರು ತಲೆ ಆಡಿಸಿ, "ಆ ಗುದ್ದು ನಿಲ್ಲಿಸಪ್ಪ, ತಂತಿ ಒಂದೇ ಕೇಳಿಸು" ಅಂದರು. ಕಿಕ್ ಮ್ಯೂಟ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ನೆ ಕೇಳಿ, ಬೇಸ್‌ನ ನಾಲ್ಕರ ಎದುರು ಮೂರರ ನಡೆ ಹಿಡಿದರು. ನಾನು ಯೋಚಿಸಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಆ ಟೇಕ್ ಹಾಗೇ ಇಟ್ಟಿದ್ದೇನೆ.

ನಡುವೆ ಕಿಕ್ ನಿಲ್ಲುವ ಕಡೆ ಹಿನ್ನೆಲೆ ತುಂಬುವ ಸಿಂಥ್ ಪ್ಯಾಡ್ ಬೇಡ ಅಂತ ನಿರ್ಧಾರ ಮಾಡಿದೆ. ಅಲ್ಲಿ ಬರೀ ಹಾರ್ಮೋನಿಕ್ಸ್, ಅಂದ್ರೆ ತಂತಿಯನ್ನು ಒತ್ತದೆ ಬರೀ ಬೆರಳು ತಾಗಿಸಿ ಎಬ್ಬಿಸುವ ಸ್ವರಗಳು. ನಾಲ್ಕನೇ ಫ್ರೆಟ್ ಗೆರೆಗಿಂತ ಒಂದು ಚೂರು ಹಿಂದೆ, ತಂತಿಯ ಐದನೇ ಒಂದು ಭಾಗದಲ್ಲಿ ಬೆರಳು ತಾಗಿಸಿದರೆ ಎ ತಂತಿಯಿಂದ 275 ಹರ್ಟ್ಸ್‌ನ ತಿಳಿ ಸ್ವರ ಬರುತ್ತದೆ. ಪಕ್ಕದ ತಂತಿಗಳಲ್ಲೂ ಹೀಗೇ ಹುಡುಕಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಕಟ್ಟಿದೆ. ಬೇಸ್ ಒಂದರಿಂದಲೇ ಇಷ್ಟು ತುಂಬು ನಾದ ಬರುತ್ತದೆ ಅಂತ ತೋರಿಸಿಕೊಟ್ಟವರು ಜಾಕೋ.

ಮುಂದಿನ ಕೆಲಸ ಸಿಂಥ್ ಸೋಲೋ. ಅದು ಚಿಕ್ಕದಾಗಿರಲಿ ಅಂತ ಆಸೆ, ಎಂಟು ಬಾರ್ (ತಾಳದ ಆವರ್ತ) ಸಾಕು. ಆಮೇಲೆ ಒರಟು ಮಿಕ್ಸನ್ನು ದೊಡ್ಡ ಸ್ಪೀಕರಿನಲ್ಲಿ ಆ ಅಣ್ಣನಿಗೆ ಕೇಳಿಸಿ, ತಮಟೆ ಎಷ್ಟು ಮುಂದೆ ಇರಬೇಕು ಅಂತ ಅವರನ್ನೇ ಕೇಳುತ್ತೇನೆ.